ಕ್ಯಾಲ್ಗರಿಗೆ ಹೊರಟ ಅಪ್ಪ-ಅಮ್ಮ: ಯಾವ ವೀಸಾಗೆ ಯಾವ ಆರೈಕೆ ಸಿಗುತ್ತೆ? ಮನೆ ಮಾರೋ ಮುಂಚೆ ಇದನ್ನ ಓದಿ

ಮಗ ಕೆನಡಾದಲ್ಲಿ ಸೆಟಲ್ ಆಗಿದ್ದಾನೆ, ಅಪ್ಪ-ಅಮ್ಮನಿಗೆ ವಯಸ್ಸಾಯ್ತು, ಇಲ್ಲಿ ನೋಡ್ಕೊಳ್ಳೋರಿಲ್ಲ. "ಎಲ್ಲಾ ಮಾರಿ ಅಲ್ಲಿಗೇ ಬಂದ್ಬಿಡಿ, ಅಲ್ಲಿ ಆಸ್ಪತ್ರೆ ಫ್ರೀ" ಅನ್ನೋ ಮಾತು ಫೋನಿನಲ್ಲಿ ಬರುತ್ತೆ. ಆಸ್ಪತ್ರೆ ಫ್ರೀ ಅನ್ನೋದು ಅರ್ಧ ಸತ್ಯ ಮಾತ್ರ. ಯಾರಿಗೆ ಫ್ರೀ, ಯಾವುದು ಫ್ರೀ ಅನ್ನೋದನ್ನ ಕೈಯಲ್ಲಿರೋ ಕಾಗದ ತೀರ್ಮಾನ ಮಾಡುತ್ತೆ. ಕೆನಡಾದ ಹುಲ್ಲುಗಾವಲು ಪ್ರಾಂತ್ಯಗಳಲ್ಲೇ ದೊಡ್ಡ ನಗರವಾದ ಕ್ಯಾಲ್ಗರಿಯಲ್ಲಿ ಹಿರಿಯರಿಗೆ ಮನೆ, ಆರೈಕೆ ಹೇಗೆ ಸಿಗುತ್ತೆ ಅನ್ನೋ ಮಾಹಿತಿ ಇಲ್ಲಿದೆ.

ಊರು ಹೇಗಿದೆ?

ಕ್ಯಾಲ್ಗರಿ ಇರೋದು ಆಲ್ಬರ್ಟಾ ಪ್ರಾಂತ್ಯದಲ್ಲಿ. 2021ರ ಜನಗಣತಿ ಪ್ರಕಾರ ಜನಸಂಖ್ಯೆ 13,06,784. ಒಂದು ಕಡೆ ಬಯಲು, ಇನ್ನೊಂದು ಕಡೆ ರಾಕಿ ಪರ್ವತ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿವರೆಗೂ ಇಳಿಯೋ ದಿನಗಳಿರುತ್ತವೆ. ನಮ್ಮ ಊರಿಗಿಂತ ಬೇಸಿಗೆಯಲ್ಲಿ ಹನ್ನೊಂದೂವರೆ ಗಂಟೆ, ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ನಗರದ ಈಶಾನ್ಯ ಭಾಗದಲ್ಲಿ ಭಾರತೀಯರು, ಅದರಲ್ಲೂ ಪಂಜಾಬಿಗಳು ಜಾಸ್ತಿ. ದಿನಸಿ ಸಾಮಾನಿಗೆ ತೊಂದರೆ ಇಲ್ಲ.

ಮೊದಲ ಪ್ರಶ್ನೆ: ಸೂಪರ್ ವೀಸಾನಾ, ಪಿಆರ್ ಆ?

ಅಪ್ಪ-ಅಮ್ಮಂದಿರಲ್ಲಿ ಹೆಚ್ಚಿನವರು ಹೋಗೋದು ಸೂಪರ್ ವೀಸಾ ಮೇಲೆ. ಈ ವೀಸಾಗೆ ಗರಿಷ್ಠ 10 ವರ್ಷ ಮಾನ್ಯತೆ ಇರುತ್ತೆ. 2022ರ ಜುಲೈನಿಂದ ಒಂದು ಸಲ ಹೋದ್ರೆ 5 ವರ್ಷದವರೆಗೂ ಇರಬಹುದು. ಮಗ ಅಥವಾ ಮಗಳು ಅಲ್ಲಿನ ಪ್ರಜೆ ಇಲ್ಲವೇ ಪಿಆರ್ ಆಗಿರಬೇಕು, ನಿಗದಿ ಮಾಡಿದಷ್ಟು ಆದಾಯ ತೋರಿಸಬೇಕು. ಹೋಗೋರಿಗೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ.

ಇಲ್ಲೇ ಎಡವೋದು. ಸೂಪರ್ ವೀಸಾದವರು ಎಷ್ಟು ವರ್ಷ ಇದ್ರೂ ಅಲ್ಲಿ ವಿಸಿಟರ್ರೇ. ಆಲ್ಬರ್ಟಾದ ಸರ್ಕಾರಿ ಹೆಲ್ತ್ ಕಾರ್ಡ್ ಸಿಗಲ್ಲ. ಸರ್ಕಾರದ ಖರ್ಚಿನಲ್ಲಿ ಮನೆಗೆ ನರ್ಸ್ ಬರಲ್ಲ, ಸರ್ಕಾರಿ ಸಹಾಯ ಇರೋ ವೃದ್ಧರ ಮನೆಯೂ ಸಿಗಲ್ಲ. ಬಿದ್ದು ಸೊಂಟ ಮುರಿದ್ರೆ ಬಿಲ್ ಕಟ್ಟೋದು ವಿಮೆ ಕಂಪನಿ, ಇಲ್ಲಾಂದ್ರೆ ಮಗ. ಬಿಪಿ, ಶುಗರ್, ಹೃದಯದ ತೊಂದರೆ ಮೊದಲೇ ಇದ್ರೆ ವಿಮೆ ಷರತ್ತು ಪೂರ್ತಿ ಓದಲೇಬೇಕು. ವಿಮೆ ಶುರುವಾಗೋ ಮುಂಚೆ ಇಷ್ಟು ದಿನ ಕಾಯಿಲೆ ಸ್ಥಿರವಾಗಿರಬೇಕು, ಮಾತ್ರೆ ಬದಲಾಗಿರಬಾರದು ಅನ್ನೋ ಷರತ್ತು ಸುಮಾರು ಪಾಲಿಸಿಗಳಲ್ಲಿ ಇರುತ್ತೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ರೆ ಕ್ಲೇಮ್ ತಿರಸ್ಕಾರ ಆಗಬಹುದು.

ಇನ್ನೊಂದು ದಾರಿ ಸ್ಪಾನ್ಸರ್‌ಶಿಪ್. ಮಕ್ಕಳು ಸ್ಪಾನ್ಸರ್ ಮಾಡಿ ಅಪ್ಪ-ಅಮ್ಮನಿಗೆ ಪಿಆರ್ ಕೊಡಿಸೋದು. ಇದು ಬೇಕು ಅಂದ ತಕ್ಷಣ ಆಗೋ ಕೆಲಸ ಅಲ್ಲ. 2020ರಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿಯಿಂದಲೇ 2025ರಲ್ಲೂ ಲಾಟರಿ ಎತ್ತಿ ಕರೆದಿದ್ದಾರೆ. ಸ್ಪಾನ್ಸರ್ ಮಾಡಿದ ಮಗ 20 ವರ್ಷ ಅಪ್ಪ-ಅಮ್ಮನ ಹೊಣೆ ಹೊರ್ತೀನಿ ಅಂತ ಬರೆದುಕೊಡಬೇಕು. ಆ ಅವಧಿಯಲ್ಲಿ ಅವರು ಸರ್ಕಾರದ ಸೋಷಿಯಲ್ ಅಸಿಸ್ಟೆನ್ಸ್ ಹಣ ತಗೊಂಡ್ರೆ ಮಗನೇ ವಾಪಸ್ ಕಟ್ಟಬೇಕು.

ಪಿಆರ್ ಮೇಲೆ ಬಂದು ಆಲ್ಬರ್ಟಾದಲ್ಲಿ ನೆಲೆಸಿದವರು 3 ತಿಂಗಳೊಳಗೆ ಅರ್ಜಿ ಹಾಕಿದ್ರೆ ಬಂದ ದಿನದಿಂದಲೇ ಹೆಲ್ತ್ ಕಾರ್ಡ್ ಅನ್ವಯ. ಇದಕ್ಕೆ ತಿಂಗಳ ಪ್ರೀಮಿಯಂ ಇಲ್ಲ, 2009ರಲ್ಲೇ ತೆಗೆದುಹಾಕಿದ್ದಾರೆ. ಆದ್ರೆ ಪಿಆರ್ ಸಿಕ್ಕ ಮರುದಿನವೇ ಎಲ್ಲಾ ಸೌಲಭ್ಯ ಸಿಗುತ್ತೆ ಅಂತ ಅಲ್ಲ. ಪ್ರತಿ ಯೋಜನೆಗೂ ಎಷ್ಟು ವರ್ಷ ವಾಸ ಇರಬೇಕು ಅನ್ನೋ ಷರತ್ತು ಬೇರೆ ಬೇರೆ. ಅರ್ಜಿ ಹಾಕೋ ಮುಂಚೆ ಅದನ್ನೇ ಮೊದಲು ಕೇಳಬೇಕು.

ಪಿಂಚಣಿ ಸಿಗುತ್ತಾ?

ಕೆನಡಾದಲ್ಲಿ 65 ದಾಟಿದವರಿಗೆ ಓಲ್ಡ್ ಏಜ್ ಸೆಕ್ಯುರಿಟಿ ಅನ್ನೋ ಪಿಂಚಣಿ ಇದೆ. ಅಲ್ಲಿದ್ದುಕೊಂಡು ಪಡೆಯೋಕೆ ಕಾನೂನುಬದ್ಧವಾಗಿ ಕನಿಷ್ಠ 10 ವರ್ಷ ವಾಸ ಆಗಿರಬೇಕು. ಪೂರ್ತಿ ಪಿಂಚಣಿಗೆ 40 ವರ್ಷ. ಅಂದ್ರೆ 65ಕ್ಕೆ ಪಿಆರ್ ಮೇಲೆ ಹೋದವರಿಗೆ ಸಾಮಾನ್ಯವಾಗಿ 75ಕ್ಕೆ ಶುರು, ಅದೂ ಪೂರ್ತಿ ಮೊತ್ತದ ಕಾಲು ಭಾಗ. ವಾಪಸ್ ಊರಿಗೆ ಬಂದು ನೆಲೆಸಿ ಪಡೆಯೋಕೆ 20 ವರ್ಷದ ವಾಸ ಬೇಕು.

ಭಾರತ-ಕೆನಡಾ ನಡುವೆ 2015ರ ಆಗಸ್ಟ್ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ಇಲ್ಲಿ ಪಿಎಫ್ ಪಿಂಚಣಿಗೆ ಹಣ ಕಟ್ಟಿ ಕೆಲಸ ಮಾಡಿದವರು ಆ ವರ್ಷಗಳು ಲೆಕ್ಕಕ್ಕೆ ಬರುತ್ತಾ ಅಂತ ವಿಚಾರಿಸಬಹುದು. ಬೇಸಾಯ, ಅಂಗಡಿ ನಡೆಸಿದವರಿಗೆ ಇದರಿಂದ ಉಪಯೋಗ ಆಗೋದು ಕಡಿಮೆ.

ಎಷ್ಟು ಥರದ ಮನೆಗಳಿವೆ?

"ಓಲ್ಡ್ ಏಜ್ ಹೋಮ್" ಅಂತ ನಾವು ಒಂದೇ ಮಾತಲ್ಲಿ ಹೇಳ್ತೀವಿ. ಕ್ಯಾಲ್ಗರಿಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇದೆ.

1. ಹೋಮ್ ಕೇರ್: ಸ್ವಂತ ಮನೆ ಅಥವಾ ಮಗನ ಮನೆಯಲ್ಲೇ ಇರೋದು. ಸ್ನಾನ, ಡ್ರೆಸ್ಸಿಂಗ್, ಮಾತ್ರೆ, ಗಾಯಕ್ಕೆ ಪಟ್ಟಿ ಇಂಥ ಕೆಲಸಕ್ಕೆ ಸಹಾಯಕರು ಅಥವಾ ನರ್ಸ್ ಬಂದು ಹೋಗ್ತಾರೆ. ಅರ್ಹರಿಗೆ ಇದಕ್ಕೆ ಸರ್ಕಾರದ ಹಣ. ಡಾಕ್ಟರ್ ಚೀಟಿ ಇಲ್ಲದೆಯೂ ಮನೆಯವರೇ ಕೇಳಬಹುದು. ಕುಟುಂಬಕ್ಕೆ ಹಣ ಕೊಟ್ಟು ಸಹಾಯಕರನ್ನ ಅವರೇ ನೇಮಿಸಿಕೊಳ್ಳೋ ಪದ್ಧತಿಯೂ ಇದೆ. ಕನ್ನಡ ಅಥವಾ ಹಿಂದಿ ಬಲ್ಲವರು ಬೇಕು ಅನ್ನೋರು ಇದನ್ನ ಕೇಳಿ ನೋಡಬಹುದು.

2. ಹಿರಿಯರ ಅಪಾರ್ಟ್‌ಮೆಂಟ್: ಅಡುಗೆ, ಕೆಲಸ ತಾವೇ ಮಾಡಿಕೊಳ್ಳೋರಿಗೆ. ಕಡಿಮೆ ಆದಾಯದವರಿಗೆ ಬಾಡಿಗೆ ರಿಯಾಯಿತಿ ಇರೋ ಮನೆಗಳಿವೆ. ಸಿಲ್ವೆರಾ ಫಾರ್ ಸೀನಿಯರ್ಸ್, ಟ್ರಿನಿಟಿ ಪ್ಲೇಸ್ ಫೌಂಡೇಶನ್ ಇವು ಲಾಭಕ್ಕಲ್ಲದೆ ನಡೆಯೋ ಸಂಸ್ಥೆಗಳು. ವೇಟಿಂಗ್ ಲಿಸ್ಟ್ ಇರುತ್ತೆ.

3. ಲಾಡ್ಜ್: ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜ್ ಅಲ್ಲ ಇದು. ತಮ್ಮ ಕೆಲಸ ತಾವು ಮಾಡಿಕೊಳ್ಳೋ ಹಿರಿಯರಿಗೆ ರೂಮು, ಊಟ, ಕ್ಲೀನಿಂಗ್ ಎಲ್ಲಾ ಸೇರಿ ಕೊಡೋ ವ್ಯವಸ್ಥೆ. ಬಾಡಿಗೆ ಕಟ್ಟಿದ ಮೇಲೂ ಹಿರಿಯರ ಕೈಯಲ್ಲಿ ಪ್ರತಿ ತಿಂಗಳು ಇಷ್ಟು ಹಣ ಉಳೀಬೇಕು ಅಂತ ಸರ್ಕಾರದ ನಿಯಮವೇ ಇದೆ.

4. ಖಾಸಗಿ ರಿಟೈರ್ಮೆಂಟ್ ಹೋಮ್: ದುಡ್ಡಿದ್ದವರಿಗೆ ಬೇಗ ಸಿಗುತ್ತೆ. ತಿಂಗಳಿಗೆ ಸಾವಿರಾರು ಡಾಲರ್. ಆರೈಕೆ ಜಾಸ್ತಿ ಬೇಕಾದಂತೆ ಬಿಲ್ಲೂ ಏರುತ್ತೆ.

5. ಕಂಟಿನ್ಯೂಯಿಂಗ್ ಕೇರ್ ಹೋಮ್: 2024ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಮೂರು ವರ್ಗ ಮಾಡಿದ್ದಾರೆ. ಟೈಪ್ ಎ ಅಂದ್ರೆ 24 ಗಂಟೆ ನರ್ಸಿಂಗ್ ಬೇಕಾದವರಿಗೆ. ಟೈಪ್ ಬಿ ಅದಕ್ಕಿಂತ ಕಡಿಮೆ ಆರೈಕೆ ಸಾಕಾಗೋರಿಗೆ. ಮರೆವಿನ ಕಾಯಿಲೆ ಇದ್ದು ಹೊರಗೆ ಹೋಗಿಬಿಡೋರಿಗೆ ಸುರಕ್ಷಿತ ವಿಭಾಗವೂ ಇದರಲ್ಲಿದೆ. ಟೈಪ್ ಸಿ ಕೊನೆಗಾಲದ ಆರೈಕೆ. ಕೇರ್‌ವೆಸ್ಟ್, ಬೆಥನಿ ಇಂಥ ಸಂಸ್ಥೆಗಳು ಕ್ಯಾಲ್ಗರಿಯಲ್ಲಿ ಕೇರ್ ಹೋಮ್‌ಗಳನ್ನ ನಡೆಸ್ತವೆ.

ಇಲ್ಲೂ ಪೂರ್ತಿ ಫ್ರೀ ಅಲ್ಲ. 1984ರ ಕೆನಡಾ ಹೆಲ್ತ್ ಆಕ್ಟ್ ಪ್ರಕಾರ ಡಾಕ್ಟರು, ಆಸ್ಪತ್ರೆ ಖರ್ಚು ಸರ್ಕಾರದ್ದು. ನರ್ಸಿಂಗ್ ಹೋಮ್ ವಾಸಕ್ಕೆ ಆ ಖಾತ್ರಿ ಇಲ್ಲ. ಆಲ್ಬರ್ಟಾದಲ್ಲಿ ಟೈಪ್ ಎ, ಬಿ ಮನೆಗಳಲ್ಲಿ ಆರೈಕೆ ಖರ್ಚು ಸರ್ಕಾರ ಕೊಡುತ್ತೆ; ರೂಮು, ಊಟದ ಶುಲ್ಕ ಮನೆಯವರು ಕಟ್ಟಬೇಕು. ಆ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಿದೆ.

ಎಲ್ಲಿಂದ ಶುರು ಮಾಡೋದು?

ಟೈಪ್ ಎ, ಬಿ ಮನೆಗೆ ನೇರ ಹೋಗಿ ಅಡ್ವಾನ್ಸ್ ಕೊಟ್ಟು ಸೇರಿಸೋಕೆ ಆಗಲ್ಲ. ಮೊದಲು ಕೇಸ್ ಮ್ಯಾನೇಜರ್ ಬಂದು ಹಿರಿಯರ ಸ್ಥಿತಿ ನೋಡ್ತಾರೆ. ನಡೆಯೋಕೆ ಆಗುತ್ತಾ, ಮರೆವು ಎಷ್ಟು, ರಾತ್ರಿ ಯಾರಿರ್ತಾರೆ ಅಂತ ಕೇಳಿ ಯಾವ ಮೆಟ್ಟಿಲು ಅಂತ ಅವರೇ ಹೇಳ್ತಾರೆ. ಎಷ್ಟೋ ಸಲ ಮನೆಯವರು ಮರ್ಯಾದೆಗೆ ಅಂಜಿ "ಎಲ್ಲಾ ಚೆನ್ನಾಗಿದೆ" ಅಂತಾರೆ. ಹಾಗೆ ಹೇಳಿದ್ರೆ ಸಹಾಯವೂ ಕಮ್ಮಿ ಆಗುತ್ತೆ. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಫೋನ್ ಮಾಡೋಕೆ ಮೂರು ನಂಬರ್ ನೆನಪಿದ್ರೆ ಸಾಕು. ಆರೋಗ್ಯ ಸಲಹೆ, ಹೋಮ್ ಕೇರ್ ವಿಚಾರಕ್ಕೆ 811. ಮನೆ, ಊಟ, ಸಹಾಯ ಸಂಸ್ಥೆ ಹುಡುಕೋಕೆ 211. ಎಮರ್ಜೆನ್ಸಿಗೆ 911. ಇಂಗ್ಲಿಷ್ ಬರದವರು 811ರಲ್ಲಿ ದುಭಾಷಿ ಬೇಕು ಅಂತ ಕೇಳಬಹುದು.

ನಗರದ ಮಧ್ಯದಲ್ಲಿ ಕೆರ್ಬಿ ಸೆಂಟರ್ ಅಂತ ಹಿರಿಯರ ಕೇಂದ್ರ ಇದೆ. ಈಗ ಯೂನಿಸನ್ ಅನ್ನೋ ಸಂಸ್ಥೆ ನಡೆಸುತ್ತೆ. ಸಿ-ಟ್ರೇನ್ ರೈಲಿನ ಡೌನ್‌ಟೌನ್ ವೆಸ್ಟ್-ಕೆರ್ಬಿ ಸ್ಟೇಷನ್‌ನಲ್ಲಿ ಇಳಿದ್ರೆ ಹತ್ತಿರ. ಅರ್ಜಿ ತುಂಬೋಕೆ, ಮನೆ ಹುಡುಕೋಕೆ ಅಲ್ಲಿ ಮಾಹಿತಿ ಸಿಗುತ್ತೆ. ಮನೆಯವರಿಂದಲೇ ಹಿಂಸೆ ಅನುಭವಿಸೋ ಹಿರಿಯರಿಗೆ ಆಶ್ರಯ ಮನೆಯನ್ನೂ ಇದೇ ಸಂಸ್ಥೆ ನಡೆಸುತ್ತೆ. ಹೊರಡೋ ಮುಂಚೆ ಅಪ್ಪ-ಅಮ್ಮನಿಗೂ ಇದು ಗೊತ್ತಿರಬೇಕು.

ಕೇರ್ ಹೋಮ್ ನೋಡೋಕೆ ಹೋದಾಗ ಏನೇನು ಕೇಳಬೇಕು?

- ದಿನಾ ಶುದ್ಧ ಸಸ್ಯಾಹಾರ ಸಿಗುತ್ತಾ? ಮೊಟ್ಟೆ, ಮೀನು ವೆಜ್ ಅಂತ ಲೆಕ್ಕ ಹಾಕ್ತಾರಾ? ಮನೆಯಿಂದ ಅನ್ನ-ಸಾರು ತರಬಹುದಾ?
- ಭಾಷೆ ಗೊತ್ತಿರೋ ಸಿಬ್ಬಂದಿ ಇದ್ದಾರಾ? ಮರೆವಿನ ಕಾಯಿಲೆ ಬಂದವರು ಆಮೇಲೆ ಕಲಿತ ಇಂಗ್ಲಿಷ್ ಮರೆತು ತಾಯಿನುಡಿಗೆ ವಾಪಸ್ ಬರೋದು ಉಂಟು. ಚೀನಿ ಹಿರಿಯರಿಗಾಗಿ ವಿಂಗ್ ಕೇ ಅನ್ನೋ ಮನೆ ಅದೇ ಊರಲ್ಲಿದೆ, ಅವರದೇ ಊಟ, ಅವರದೇ ಮಾತು.
- ಗಂಡ-ಹೆಂಡತಿ ಇಬ್ಬರಿಗೂ ಒಂದೇ ಕಡೆ ಜಾಗ ಇದೆಯಾ? ಒಬ್ಬರಿಗೆ ಟೈಪ್ ಎ, ಇನ್ನೊಬ್ಬರಿಗೆ ಲಾಡ್ಜ್ ಸಾಕು ಅಂತಾದ್ರೆ ಬೇರೆ ಬೇರೆ ಆಗೋ ಸಾಧ್ಯತೆ ಇದೆ.
- ಶುಲ್ಕದಲ್ಲಿ ಏನು ಸೇರಿದೆ, ಏನು ಎಕ್ಸ್‌ಟ್ರಾ?
- ಇನ್‌ಸ್ಪೆಕ್ಷನ್ ವರದಿ ಏನು ಹೇಳುತ್ತೆ? ಪ್ರಾಂತ್ಯದ ಸರ್ಕಾರ ಇದನ್ನ ಆನ್‌ಲೈನ್‌ನಲ್ಲಿ ಹಾಕುತ್ತೆ. ಮಗನೇ ನೋಡಬಹುದು.

ಚಳಿ ಮತ್ತು ಒಂಟಿತನ

ಅಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ಹಿಮ ತೆಗೀಬೇಕು ಅಂತ ನಗರಸಭೆ ನಿಯಮ. ಮಗ-ಸೊಸೆ ಕೆಲಸಕ್ಕೆ ಹೋದ್ರೆ ಜಾರೋ ದಾರಿಯಲ್ಲಿ ವಯಸ್ಸಾದವರು ಹೊರಗೆ ಕಾಲಿಡೋದೇ ಕಷ್ಟ. ಮನೆ ಊರಾಚೆ ಇದ್ದು ಬಸ್ ದೂರ ಆದ್ರೆ ಆರು ತಿಂಗಳು ನಾಲ್ಕು ಗೋಡೆ ಮಧ್ಯೆ. ಹಾಗಾಗಿ ಬಸ್ ಅಥವಾ ಸಿ-ಟ್ರೇನ್, ಲೈಬ್ರರಿ, ಗುಡಿ ಹತ್ತಿರ ಇರೋ ಮನೆ ನೋಡೋದು ಸೌಕರ್ಯದ ಮಾತಲ್ಲ, ಆರೋಗ್ಯದ ಮಾತು.

ಹೊರಡೋ ಮುಂಚೆ ಇಲ್ಲಿ ಮಾಡಬೇಕಾದ್ದು

- ಮೊದಲ ಸಲ ಹೋಗುವಾಗ ಮನೆ, ಜಮೀನು ಮಾರಬೇಡಿ. ಒಂದು ಪೂರ್ತಿ ಚಳಿಗಾಲ ಇದ್ದು ನೋಡಿ. ವೀಸಾ ಮುಗಿದ್ರೆ, ಆರೋಗ್ಯ ಕೆಟ್ರೆ ವಾಪಸ್ ಬರೋಕೆ ಜಾಗ ಇರಬೇಕು.
- ಆಸ್ತಿ ನೋಡಿಕೊಳ್ಳೋಕೆ ನಂಬಿಕಸ್ಥರಿಗೆ ಜಿಪಿಎ ಕೊಡೋದಾದ್ರೆ ವಕೀಲರ ಹತ್ತಿರ ಬರೆಸಿ. ಮಾರೋ ಅಧಿಕಾರ ಕೊಡ್ಬೇಕಾ ಬೇಡ್ವಾ ಅಂತ ಯೋಚಿಸಿ.
- ಪಿಂಚಣಿ ಪಡೆಯೋರು ಜೀವಂತ ಪ್ರಮಾಣಪತ್ರ ಹೇಗೆ ಕೊಡ್ಬೇಕು ಅಂತ ಬ್ಯಾಂಕಲ್ಲಿ ಕೇಳಿಕೊಳ್ಳಿ. ಆಲ್ಬರ್ಟಾ ಸೇರೋದು ವ್ಯಾಂಕೂವರ್‌ನ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ.
- ಎಲ್ಲಾ ರಿಪೋರ್ಟ್, ಮಾತ್ರೆ ಚೀಟಿ ಇಂಗ್ಲಿಷ್‌ನಲ್ಲಿ, ಔಷಧದ ಮೂಲ ಹೆಸರಿನ ಸಮೇತ ಬರೆಸಿಕೊಳ್ಳಿ.
- ಅಲ್ಲಿ ಪಿಆರ್ ಮೇಲೆ ನೆಲೆಸಿದವರು ಎರಡು ಕಾಗದ ಮಾಡಿಸಬೇಕು. ಆರೋಗ್ಯದ ತೀರ್ಮಾನಕ್ಕೆ ಪರ್ಸನಲ್ ಡೈರೆಕ್ಟಿವ್, ಹಣಕಾಸಿಗೆ ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ. ನೆನಪು ಚೆನ್ನಾಗಿದ್ದಾಗಲೇ ಸಹಿ ಆಗಬೇಕು.

ಕೊನೇದಾಗಿ, ಟಿಕೆಟ್ ಬುಕ್ ಮಾಡೋ ಮುಂಚೆ ಮಗನ ಹತ್ತಿರ ಒಂದು ಮಾತು ನೇರವಾಗಿ ಕೇಳೋದು ಒಳ್ಳೇದು: "ನಾಳೆ ನಾನು ಹಾಸಿಗೆ ಹಿಡಿದ್ರೆ, ನನ್ನ ಕೈಯಲ್ಲಿರೋ ಈ ವೀಸಾಗೆ ಅಲ್ಲಿ ಯಾರು ನೋಡ್ಕೊಳ್ತಾರೆ, ಯಾರು ದುಡ್ಡು ಕೊಡ್ತಾರೆ?" ಇದಕ್ಕೆ ಉತ್ತರ ಸಿಕ್ಕ ಮೇಲೆ ಸೂಟ್‌ಕೇಸ್ ಕಟ್ಟಬಹುದು.