ಸಿಂಬಿ, ಮಂಕರಿ, ಹೊರೆಗಲ್ಲು: ತಲೆಹೊರೆ ಹೊತ್ತವರ ಸಾಧನಗಳು

ದೊಡ್ಡಬಳ್ಳಾಪುರ ಕಡೆಯ ನಮ್ಮೂರಲ್ಲಿ ಹೊರೆ ಅಂದರೆ ತಲೆ ಮೇಲಿನದು. ಹುಲ್ಲು, ಸೌದೆ, ಗೊಬ್ಬರ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಎಲ್ಲವೂ ಹಾಗೇ ಸಾಗುತ್ತಿದ್ದವು. ಗಾಡಿ ಹೋಗುವಲ್ಲಿಗೆ ಎತ್ತು, ಬದುವಿನ ಮೇಲೆ ಹೆಂಗಸರು.

ಮೊದಲ ಸಾಧನ ಸಿಂಬಿ. ಹಳೇ ಸೀರೆ ತುಂಡನ್ನೋ ಹುಲ್ಲನ್ನೋ ಬಳೆಯಂತೆ ಸುತ್ತಿ ನೆತ್ತಿಗಿಟ್ಟರೆ ಭಾರ ಒಂದೇ ಕಡೆ ಒತ್ತುವುದಿಲ್ಲ, ಬುಟ್ಟಿ ಜಾರುವುದಿಲ್ಲ. ಅದರ ಮೇಲೆ ಮಂಕರಿ, ಮೇದರು ಬಿದಿರಲ್ಲಿ ಹೆಣೆದ ಬುಟ್ಟಿ. ಕಾಳಿನ ಬುಟ್ಟಿಗಾದರೆ ಸಗಣಿ ಬಳಿದು ಸಂದು ಮುಚ್ಚುತ್ತಿದ್ದರು. ಗೊಬ್ಬರದ್ದಕ್ಕೆ ಆ ಉಪಚಾರ ಇಲ್ಲ. ಸೊಪ್ಪಿಗೆ ಗೋಣಿತಟ್ಟಿನ ಗಂಟು. ಗಂಡಸರ ಹೆಗಲಿಗೆ ಅಡ್ಡೆ: ಒಂದು ಬೊಂಬು, ಎರಡೂ ತುದಿಗೆ ನೇತಾಡುವ ಭಾರ.

ತಲೆಹೊರೆಯ ನಿಜವಾದ ಕಷ್ಟ ಎತ್ತುವುದರಲ್ಲಿದೆ. ಅದಕ್ಕೆ ಇನ್ನೊಬ್ಬರು ಬೇಕು. "ಒಸಿ ಎತ್ತುಕೊಡು ಬಾ ಮಗ" ಅಂತ ಅವ್ವ ಬದುವಿನ ಮೇಲಿಂದ ಕೂಗುತ್ತಿದ್ದಳು. ಯಾರೂ ಸಿಗದ ದಿನ ಮಂಡಿಯೂರಿ ತಾನೇ ಎತ್ತಿಕೊಂಡು, ರಾತ್ರಿ ಕತ್ತಿಗೆ ಬಿಸಿ ಶಾಖ.

ಕೊರಿಯಾದ ರೈತರ ಜಿಗೆಗೆ ಈ ತೊಂದರೆ ಇಲ್ಲ. ಅದು ಬೆನ್ನಿಗೆ ಹಾಕುವ ಮರದ ಚೌಕಟ್ಟು. ಕವಲಿರುವ ಎರಡು ಮರ, ಹುಲ್ಲಲ್ಲಿ ಹೆಣೆದ ಹೆಗಲಪಟ್ಟಿ, ಜೊತೆಗೊಂದು ಕೋಲು. ಕೋಲು ಆನಿಸಿ ಜಿಗೆ ನಿಲ್ಲಿಸಿ, ಹೊರೆ ಹೇರಿ, ಪಟ್ಟಿಗೆ ತೋಳು ತೂರಿಸಿ, ಅದೇ ಕೋಲೂರಿ ಒಬ್ಬನೇ ಏಳಬಹುದು. ಆದರೆ ಜಿಗೆ ಹೆಚ್ಚಾಗಿ ಗಂಡಸರದು. ಅಲ್ಲೂ ಹೆಂಗಸರದು ತಲೆಹೊರೆಯೇ. ನಮ್ಮ ಸಿಂಬಿಯಂಥದ್ದನ್ನೇ ಅವರು ‘ತ್ವಾರಿ’ ಅನ್ನುತ್ತಾರೆ!

ನಮ್ಮಲ್ಲಿ ಆ ಕೋಲಿನ ಕೆಲಸ ಮಾಡಿದ್ದು ದಾರಿಬದಿಯ ಹೊರೆಗಲ್ಲು. ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು, ತಲೆಮಟ್ಟದ ಎತ್ತರ. ಹೊರೆಯನ್ನು ಅದರ ಮೇಲೆ ಜರುಗಿಸಿ, ದಣಿವಾರಿಸಿಕೊಂಡು, ಮತ್ತೆ ತಲೆ ಕೊಟ್ಟರೆ ಸಾಕು, ಯಾರನ್ನೂ ಕೂಗಬೇಕಿಲ್ಲ. ತಮಿಳರು ಇದನ್ನು ‘ಸುಮೈತಾಂಗಿ’ ಅನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ಪದ್ಧತಿ ಅಲ್ಲಿತ್ತು. ರಸ್ತೆ ಅಗಲ ಮಾಡುವಾಗ ಗುಡಿಗಾದರೆ ಜನ ಅಡ್ಡ ನಿಲ್ಲುತ್ತಾರೆ, ಹೊರೆಗಲ್ಲಿಗೆ ಯಾರು ನಿಲ್ಲುತ್ತಾರೆ?

ಟ್ರ್ಯಾಕ್ಟರು, ಬೈಕು ಬಂದ ಮೇಲೆ ನಮ್ಮೂರಲ್ಲಿ ಅಡ್ಡೆ ಮೂಲೆಗೆ ಸೇರಿತು. ಸಿಂಬಿ ಸೇರಿಲ್ಲ, ಹಸುವಿನ ಹುಲ್ಲು ಇನ್ನೂ ತಲೆ ಮೇಲೇ ಬರುತ್ತದೆ. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಗಂಡಾಳಿನ ಹೊರೆ 55 ಕೆ.ಜಿ. ಮೀರಬಾರದು, ಹೆಣ್ಣಾಳಿನದು ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಎಂದು ಶಿಫಾರಸು ಮಾಡಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೂ ಅತಿಭಾರ ಹೊರಿಸುವುದರ ವಿರುದ್ಧವೇ ಇದ್ದದ್ದು. ಸ್ವಂತ ಹೊಲದಿಂದ ಹುಲ್ಲು ಹೊತ್ತು ತರುವವಳಿಗೆ ಇವೆರಡರಲ್ಲೂ ಜಾಗವಿಲ್ಲ.