ಕಾರು ಬರೆದಿಡುವ ಲೆಕ್ಕ: ಕನೆಕ್ಟೆಡ್ ವಾಹನಗಳು ಮತ್ತು ನಮ್ಮ ಖಾಸಗಿತನ

ಬ್ಯಾಂಕಿನಲ್ಲಿ ಖಾತೆ ತೆರೆದವರು ತಮ್ಮ ಪಾಸ್‌ಬುಕ್ ತರಿಸಿ ನೋಡಬಹುದು. ತಪ್ಪು ನಮೂದಾಗಿದ್ದರೆ ತಿದ್ದಿಸಬಹುದು. ಖಾತೆದಾರರ ವ್ಯವಹಾರವನ್ನು ಅನ್ಯರಿಗೆ ತಿಳಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಮುಂದೆ ಬಂದು ನಿಂತಿರುವ ಹೊಸ ಕಾರುಗಳೂ ಇಂಥದೊಂದು ಲೆಕ್ಕಪುಸ್ತಕವನ್ನು ಬರೆಯುತ್ತಿವೆ. ಆದರೆ ಅದರಲ್ಲಿ ಏನಿದೆ, ಅದನ್ನು ಓದುವವರು ಯಾರು ಎಂಬುದು ಒಡೆಯರಲ್ಲಿ ಬಹುಮಂದಿಗೆ ತಿಳಿಯದು.

ಕಾರಿಗೆ ತಿಳಿಯುವುದೇನು?

2019ರಲ್ಲಿ ಎಂಜಿ ಹೆಕ್ಟರ್ ಹಾಗೂ ಹ್ಯುಂಡೈ ವೆನ್ಯೂ ಕಾರುಗಳು ಮಾರುಕಟ್ಟೆಗೆ ಬಂದಾಗ ‘ಕನೆಕ್ಟೆಡ್ ಕಾರು’ ಎಂಬ ಮಾತು ಭಾರತದಲ್ಲಿ ಪ್ರಚಾರಕ್ಕೆ ಬಂದಿತು. ಇಂಥ ಕಾರಿನೊಳಗೆ ಕಾರ್ಖಾನೆಯಲ್ಲಿಯೇ ಅಳವಡಿಸಿದ ಸಿಮ್ ಇರುತ್ತದೆ. ಉಪಗ್ರಹಗಳ ಸಂಕೇತದಿಂದ ಕಾರು ತಾನಿರುವ ಸ್ಥಳವನ್ನು ಅರಿಯುತ್ತದೆ. ಎಷ್ಟು ವೇಗದಲ್ಲಿ ಓಡಿತು, ಎಲ್ಲಿ ಥಟ್ಟನೆ ಬ್ರೇಕ್ ಹಾಕಲಾಯಿತು, ಪ್ರಯಾಣ ಹಗಲಿನದೋ ರಾತ್ರಿಯದೋ ಎಂಬ ವಿವರಗಳನ್ನು ಸಿಮ್ ಮೂಲಕ ಕಂಪನಿಗೆ ಕಳುಹಿಸಬಲ್ಲದು. ಮೊಬೈಲನ್ನು ಜೋಡಿಸಿದರೆ ನಮ್ಮ ಸಂಪರ್ಕಗಳ ಪಟ್ಟಿ ಹಾಗೂ ಕರೆಗಳ ವಿವರವೂ ಕಾರಿನ ಸ್ಮೃತಿಯಲ್ಲಿ ಉಳಿಯಬಹುದು.

ಇದರಿಂದ ಉಪಯೋಗವಿಲ್ಲವೆಂದಲ್ಲ. ಕಳವಾದ ಕಾರನ್ನು ಪತ್ತೆಹಚ್ಚಬಹುದು. ಅಪಘಾತವಾದಾಗ ಕಾರು ತಾನಾಗಿಯೇ ನೆರವು ಕೋರಬಹುದು. ಆದರೆ ಪ್ರಾಣರಕ್ಷಣೆಗೆ ಸದಾಕಾಲದ ಕಾವಲು ಬೇಕಿಲ್ಲ. ಯುರೋಪಿನ ಒಕ್ಕೂಟವು 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ‘ಇ-ಕಾಲ್’ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಅದು ಅಪಘಾತವಾಗುವವರೆಗೆ ಮೌನವಾಗಿದ್ದು, ಆ ಬಳಿಕವೇ ಸ್ಥಳ, ಸಮಯ ಮುಂತಾದ ಅಗತ್ಯ ವಿವರಗಳನ್ನಷ್ಟೇ ತಿಳಿಸುತ್ತದೆ.

ಅಮೆರಿಕದ ಒಂದು ಪ್ರಕರಣ

2024ರ ಮಾರ್ಚ್ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಒಂದು ವರದಿಯನ್ನು ಪ್ರಕಟಿಸಿತು. ಜನರಲ್ ಮೋಟಾರ್ಸ್ ಕಂಪನಿಯ ಷೆವರ್ಲೆ ಬೋಲ್ಟ್ ಕಾರಿದ್ದ ಒಬ್ಬರ ವಿಮೆಯ ಕಂತು 2022ರಲ್ಲಿ ಶೇಕಡ 21ರಷ್ಟು ಏರಿತ್ತು. ಅವರಿಂದ ಯಾವ ಅಪಘಾತವೂ ಆಗಿರಲಿಲ್ಲ. ಕಾರಣವನ್ನು ಹುಡುಕುತ್ತ ಲೆಕ್ಸಿಸ್‌ನೆಕ್ಸಿಸ್ ಎಂಬ ಮಾಹಿತಿ ಸಂಸ್ಥೆಯಿಂದ ತಮ್ಮ ಕಡತವನ್ನು ತರಿಸಿದಾಗ ಅದು 258 ಪುಟಗಳಷ್ಟಿತ್ತು. ಆರು ತಿಂಗಳಲ್ಲಿ ಅವರೂ ಅವರ ಪತ್ನಿಯೂ ಕೈಗೊಂಡ 640 ಪ್ರಯಾಣಗಳು ಅದರಲ್ಲಿ ಒಂದೊಂದಾಗಿ ನಮೂದಾಗಿದ್ದವು. ಆರಂಭ ಮತ್ತು ಅಂತ್ಯದ ವೇಳೆ, ದೂರ, ಬಿರುಸಿನ ಬ್ರೇಕ್ ಎಲ್ಲವೂ ಅಲ್ಲಿದ್ದವು. ವಿವರ ಕೊಟ್ಟದ್ದು ಕಾರು ತಯಾರಕರೇ.

ಮಗು ಅಡ್ಡ ಬಂದಾಗ ಬ್ರೇಕ್ ಒತ್ತುವುದು ಜಾಣತನ. ಲೆಕ್ಕಪುಸ್ತಕದಲ್ಲಿ ಅದೂ ‘ಬಿರುಸಿನ ಬ್ರೇಕ್’ ಎಂದೇ ಬೀಳುತ್ತದೆ. ವಿವರಣೆ ನೀಡುವ ಅವಕಾಶ ಮಾತ್ರ ಚಾಲಕನಿಗಿಲ್ಲ.

ವರದಿ ಪ್ರಕಟವಾದ ಕೆಲವೇ ದಿನಗಳಲ್ಲಿ ಕಂಪನಿಯು ಈ ಹಂಚಿಕೆಯನ್ನು ನಿಲ್ಲಿಸಿತು. ಗ್ರಾಹಕರ ಸ್ಪಷ್ಟ ಸಮ್ಮತಿಯಿಲ್ಲದೆ, ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ, ಸ್ಥಳದ ವಿವರ ಸಂಗ್ರಹಿಸಲಾಗಿದೆಯೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪಿಸಿತು. ಇಂಥ ಮಾಹಿತಿಯನ್ನು ಗ್ರಾಹಕರ ಕಡತ ತಯಾರಿಸುವ ಸಂಸ್ಥೆಗಳಿಗೆ ಐದು ವರ್ಷ ನೀಡಕೂಡದೆಂಬ ಆಜ್ಞೆಯು 2026ರ ಜನವರಿಯಲ್ಲಿ ಅಂತಿಮಗೊಂಡಿತು.

ಇದು ಒಂದೇ ಕಂಪನಿಯ ಮಾತಲ್ಲ. 2023ರಲ್ಲಿ ಮೊಝಿಲ್ಲಾ ಪ್ರತಿಷ್ಠಾನವು 25 ಕಾರು ಬ್ರಾಂಡ್‌ಗಳ ಗೋಪ್ಯತಾ ನೀತಿಗಳನ್ನು ಪರಿಶೀಲಿಸಿದಾಗ ಒಂದೂ ಉತ್ತೀರ್ಣವಾಗಲಿಲ್ಲ. ಮಾರಾಟವಾಗದೆ ಉಳಿದ ಮಾಹಿತಿಯೂ ಸುರಕ್ಷಿತವಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು ಎಂಟು ಲಕ್ಷ ವಿದ್ಯುತ್ ಕಾರುಗಳ ವಿವರಗಳು ಅಂತರಜಾಲದಲ್ಲಿ ಕಾವಲಿಲ್ಲದೆ ತೆರೆದಿದ್ದವೆಂಬುದು 2024ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದಿತು.

ನಮ್ಮ ದೇಶದ ಕಾನೂನು

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. 2024ರಲ್ಲಿ ನಿಧನರಾದ ಆ ಹಿರಿಯರ ಹೆಸರು ಈ ತೀರ್ಪಿನೊಂದಿಗೆ ಶಾಶ್ವತವಾಗಿ ಉಳಿದಿದೆ.

ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಾವಳಿ ಪ್ರಕಟವಾಯಿತು. ಸಮ್ಮತಿ, ತಿದ್ದುಪಡಿ, ಅಳಿಸುವಿಕೆ ಮುಂತಾದ ಮುಖ್ಯ ವಿಧಿಗಳು ಜಾರಿಗೆ ಬರಲು ಅಂದಿನಿಂದ ಹದಿನೆಂಟು ತಿಂಗಳ ಅವಧಿಯಿದೆ, ಎಂದರೆ 2027ರ ಮೇ ತಿಂಗಳು. ಮಾಹಿತಿಯನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಹೊರನಾಡಿನ ನಮಗೆ ಮುಖ್ಯವಾದ ಇನ್ನೊಂದು ಅಂಶವೂ ಇದರಲ್ಲಿದೆ. ಸಮ್ಮತಿ ಕೋರುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಅದನ್ನು ಕನ್ನಡದಲ್ಲಿ ಕೇಳಬಹುದು.

ವಿಮೆಯ ವಿಚಾರ ಇಲ್ಲಿಗೂ ಬಂದಿದೆ. ಓಡಿಸಿದ ದೂರ ಹಾಗೂ ಓಡಿಸುವ ರೀತಿಯನ್ನು ಅನುಸರಿಸಿ ಕಂತು ನಿಗದಿಪಡಿಸುವ ಪಾಲಿಸಿಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈಯಲ್ಲಿ ಅನುಮತಿ ನೀಡಿದೆ. ತಿಳಿದು ಒಪ್ಪಿದರೆ ಮಿತವಾಗಿ ಕಾರು ಬಳಸುವವರಿಗೆ ಇದರಿಂದ ಲಾಭವಾಗಬಹುದು. ತಿಳಿಯದೆ ಒಪ್ಪುವುದರಲ್ಲಿಯೇ ಅಪಾಯವಿರುವುದು.

ಒಡೆಯರು ಗಮನಿಸಬೇಕಾದುದು

ಕಾರು ಕೊಳ್ಳುವ ದಿನ ಪೂಜೆಯ ಸಡಗರದಲ್ಲಿ, ಷೋರೂಮಿನ ಹುಡುಗ ತೋರಿಸಿದ ಕಡೆಯೆಲ್ಲ ‘ಒಪ್ಪಿದೆ’ ಎಂದು ಒತ್ತಿಬಿಡುವುದು ಸಾಮಾನ್ಯ. ಅಂದು ಹತ್ತು ನಿಮಿಷ ಹೆಚ್ಚು ಕುಳಿತು ಈ ಪ್ರಶ್ನೆಗಳನ್ನು ಕೇಳುವುದು ಲೇಸು: ಯಾವ ಮಾಹಿತಿ ಹೋಗುತ್ತದೆ? ಯಾರಿಗೆ ಹೋಗುತ್ತದೆ? ಬೇಡವೆಂದರೆ ಯಾವ ಸೌಲಭ್ಯ ತಪ್ಪುತ್ತದೆ? ಸಮ್ಮತಿ ನೀಡುವವರು ಒಬ್ಬರಾದರೂ ಕಾರು ಓಡಿಸುವವರು ಹಲವರು. ಮಡದಿ, ಮಗ, ಸೊಸೆ, ಚಾಲಕ ಎಲ್ಲರ ಓಡಾಟವೂ ಆ ಒಂದೇ ಖಾತೆಗೆ ಜಮೆಯಾಗುತ್ತದೆ. ಅವರಿಗೂ ವಿಷಯ ತಿಳಿದಿರಲಿ.

ಕಾರು ಮಾರುವಾಗ ಆರ್.ಸಿ. ಪುಸ್ತಕ ವರ್ಗಾಯಿಸಿದರೆ ಸಾಲದು. ಜೋಡಿಸಿದ ಮೊಬೈಲುಗಳನ್ನು ತೆಗೆದು, ಪರದೆಯ ಸ್ಮೃತಿಯನ್ನು ಪೂರ್ತಿ ಅಳಿಸಿ, ಆ್ಯಪ್‌ನಿಂದ ವಾಹನವನ್ನು ಬಿಡಿಸಬೇಕು. ಹಳೆಯ ಕಾರು ಕೊಳ್ಳುವವರು ಹಿಂದಿನ ಒಡೆಯರ ನಂಟು ಕಡಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ನಿಮ್ಮ ಕಾರು ಎಲ್ಲಿದೆಯೆಂದು ಅವರಿಗೆ ಕಾಣುತ್ತಿರಬಹುದು.

ಖಾತೆ ಮುಚ್ಚುವಾಗ ಉಳಿದ ಚೆಕ್ ಹಾಳೆಗಳನ್ನು ಹಿಂದಿರುಗಿಸುವ ಎಚ್ಚರ ನಮ್ಮಲ್ಲಿದೆ. ಕಾರಿನ ವಿಷಯದಲ್ಲಿಯೂ ಆ ಎಚ್ಚರವನ್ನು ರೂಢಿಸಿಕೊಳ್ಳೋಣ.