ಕಲ್ಯಾಣದ ಸೀಮೆಯಲ್ಲಿ ಅಂಗಮರ್ದನವೂ ಮಲ್ಲಶ್ರಮವೂ

ಅಂಗಗಳನ್ನು ಒತ್ತಿ ತೀಡುವುದರಿಂದಲೂ, ಕ್ರಮವರಿತ ಚಲನೆಗಳಿಂದಲೂ ಕುಂದಿದ ದೇಹವನ್ನು ಮರಳಿ ನೆಲೆಗೊಳಿಸುವ ವಿದ್ಯೆಯು ಚೀನದೇಶದಲ್ಲಿ ಬಹು ಪ್ರಾಚೀನವಾದುದು. ಮಾವಾಂಗ್‌ದುಯಿ ಎಂಬಲ್ಲಿ ೧೯೭೩ರಲ್ಲಿ ಅಗೆದ ಗೋರಿಯೊಂದರಲ್ಲಿ ರೇಷ್ಮೆಯ ಚಿತ್ರಪಟವೊಂದು ದೊರೆಯಿತು. ಗೋರಿಯು ಕ್ರಿ. ಪೂ. ೧೬೮ರದು; ಪಟದಲ್ಲಿ ವ್ಯಾಯಾಮನಿರತರಾದ ೪೪ ಮಂದಿ ಸ್ತ್ರೀಪುರುಷರ ಆಕೃತಿಗಳಿವೆ. ಇದನ್ನು ಮುಂದಿಟ್ಟುಕೊಂಡು ಈ ವಿದ್ಯೆಯೆಲ್ಲವೂ ಚೀನದಿಂದ ಹರಡಿತೆಂದು ಹೇಳುವವರುಂಟು. ನಮ್ಮವರಲ್ಲಿ ಕೆಲವರು ಇದಕ್ಕೆ ಪ್ರತಿಯಾಗಿ, ೭ನೆಯ ಶತಮಾನದ ಚೀನೀ ವೈದ್ಯನಾದ ಸುನ್ ಸಿಮಿಯಾವೊ ಎಂಬವನ ಗ್ರಂಥವನ್ನು ತೋರಿಸುವರು. ಅದರಲ್ಲಿ ೧೮ ಚಲನೆಗಳ ಮರ್ದನವೊಂದು ಭಾರತದ ಬ್ರಾಹ್ಮಣರ ಕ್ರಮವೆಂದು ಹೇಳಲ್ಪಟ್ಟಿದೆ. ಆದರೆ ಆ ಹೆಸರಿನಿಂದ ಅದು ಈ ವಿಶಾಲ ದೇಶದ ಯಾವ ಭಾಗದಿಂದ ಹೋಯಿತೆಂಬುದು ತಿಳಿಯುವುದಿಲ್ಲ. ಹಿರಿಮೆಯ ಈ ವಾದವನ್ನು ಬಿಟ್ಟು, ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಕಾಪಾಡಿದವರು ಯಾರೆಂದು ವಿಚಾರಿಸುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ.

ಅದಕ್ಕೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸೀಮೆಯು ಒಳ್ಳೆಯ ಕ್ಷೇತ್ರ. ಶಾಸನಗಳಲ್ಲಿ ಬರುವ ಅಳಂದೆ ಸಾಸಿರವೇ ಇಂದಿನ ಆಳಂದದ ನಾಡು. ಅದಕ್ಕೆ ಉತ್ತರದಲ್ಲಿ, ಬೀದರ ಜಿಲ್ಲೆಯಲ್ಲಿ, ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವಿದೆ. ಅಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗ್ರಹಗಣಿತಕ್ಕೆ ಶಕ ೧೦೫೧ನ್ನು, ಎಂದರೆ ಕ್ರಿ. ಶ. ೧೧೨೯ನ್ನು, ಆಧಾರವಾಗಿ ಹಿಡಿದಿರುವುದರಿಂದ ಗ್ರಂಥದ ಕಾಲವೂ ಸ್ಥೂಲವಾಗಿ ಗೊತ್ತಾಗುತ್ತದೆ.

ಇದರ ಐದು ವಿಂಶತಿಗಳಲ್ಲಿ ಮೂರನೆಯದು ರಾಜನ ಇಪ್ಪತ್ತು ಉಪಭೋಗಗಳನ್ನು ಹೇಳುತ್ತದೆ. ಸ್ನಾನ, ತಾಂಬೂಲ, ಮಾಲ್ಯ ಮುಂತಾದವುಗಳ ಸಾಲಿನಲ್ಲಿಯೇ ಪಾದಾಭ್ಯಂಗವೂ, ಎಂದರೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದೂ, ಒಂದು ಉಪಭೋಗವಾಗಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿಯಾದರೋ ಅಭ್ಯಂಗವು ದಿನಚರ್ಯೆಯ ವಿಧಿ. ತಲೆ, ಕಿವಿ, ಪಾದಗಳಿಗೆ ಅದನ್ನು ವಿಶೇಷವಾಗಿ ಮಾಡಬೇಕೆಂದೂ, ವ್ಯಾಯಾಮವಾದ ಮೇಲೆ ಮೈಯನ್ನು ಸುತ್ತಲೂ ಮರ್ದಿಸಬೇಕೆಂದೂ ಅಲ್ಲಿದೆ. ವೈದ್ಯನಿಗೆ ವಿಧಿಯಾದುದು ಅರಸನಿಗೆ ಭೋಗವಾಯಿತು. ಇದನ್ನು ಕೇವಲ ವಿಲಾಸವೆಂದು ತಳ್ಳಿಬಿಡುವುದು ಯುಕ್ತವಲ್ಲ. ಭೋಗವಾದುದರಿಂದಲೇ ಅದನ್ನು ಬಲ್ಲ ಕೈಗಳಿಗೆ ಅರಮನೆಯಲ್ಲಿ ನಿತ್ಯವೂ ಕೆಲಸ ದೊರೆಯಿತಲ್ಲವೆ?

ನಾಲ್ಕನೆಯ ವಿಂಶತಿಯ ಮಲ್ಲವಿನೋದವು ಇನ್ನೂ ಬೆಲೆಯುಳ್ಳದ್ದು. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವಿಂಗಡಿಸುವ ಬಗೆ, ಅವರ ಶ್ರಮದ ಕ್ರಮ, ಆಹಾರ ಎಲ್ಲವೂ ಅಲ್ಲಿವೆ. ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವ ಹೊಣೆ ಅರಸನದು. ಕಂಬದ ಮೇಲಿನ ಸಾಧನೆಯೂ ಉಕ್ತವಾಗಿದೆ. ಇಂದಿನ ಮಲ್ಲಕಂಬವನ್ನು ಬಲ್ಲವರಿಗೆ ಇದು ಹೊಸದೆನಿಸದು.

೧೩೪೭ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ಆ ಬಳಿಕ ಈ ಸೀಮೆಯ ಭಾಷೆಯಲ್ಲಿ ಪಾರಸಿ, ಅರಬ್ಬಿ ಮಾತುಗಳು ನೆಲೆಯೂರಿದವು. ಗರಡಿಮನೆಯೊಡನೆ ತಾಲೀಮು ಎಂಬ ಹೆಸರೂ ಬಂದಿತು. ಗುರುವು ವಸ್ತಾದನಾದನು, ಜಟ್ಟಿಯು ಪೈಲ್ವಾನನಾದನು, ಮರ್ದನವು ಮಾಲೀಸಾಯಿತು. ಆದರೆ ಕೈಯ ಕೆಲಸವನ್ನು ಹೇಳುವ ಮಾತುಗಳನ್ನು ನೋಡಿರಿ: ತಿಕ್ಕು, ತೀಡು, ನೀವು, ಒತ್ತು, ಉಳುಕು ತೆಗೆ. ಇವೆಲ್ಲವೂ ಅಚ್ಚಗನ್ನಡ. ಆಶ್ರಯದಾತರು ಬದಲಾದಂತೆ ಪದವಿಯ ಹೆಸರುಗಳು ಬದಲಾದುವೇ ಹೊರತು, ಕೆಲಸವು ಅದೇ ಜನರ ಕೈಯಲ್ಲಿ ಉಳಿಯಿತೆಂದು ಇದರಿಂದ ಊಹಿಸಬಹುದು.

ದೇಹದ ನಿಗ್ರಹಚಲನೆಗಳೆಲ್ಲವನ್ನೂ ಈ ಪರಂಪರೆಗೇ ಸೇರಿಸಲಾಗದು. ಜೇವರ್ಗಿಯ ಷಣ್ಮುಖ ಶಿವಯೋಗಿಗಳ (೧೬೩೯–೧೭೧೧) ಮಾರ್ಗದಲ್ಲಿ ಕಾಯವು ಸಾಧನ ಮಾತ್ರ, ಆರೋಗ್ಯವೇ ಗುರಿಯಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿ ಮಿಂದು ಪ್ರದಕ್ಷಿಣೆ ಮಾಡುವ ರೋಗಿಗಳು ಗುಣವನ್ನು ಬಯಸಿಯೇ ಬರುವರು. ಆದರೆ ಅವರು ನಂಬುವುದು ದತ್ತಗುರುವಿನ ಕೃಪೆಯನ್ನು, ಅಂಗಶ್ರಮವನ್ನಲ್ಲ. ಉಳುಕಿದ ಕಾಲನ್ನು ನೀವಿಸಿಕೊಳ್ಳಬೇಕಾದವನು ಹುಡುಕಿಕೊಂಡು ಹೋಗುತ್ತಿದ್ದುದು ಗರಡಿಯ ವಸ್ತಾದನನ್ನು.